ಬಳ್ಳಾರಿ ಬಿಸಿಲಲ್ಲಿ ಗೋಧಿ ಬ್ರೆಡ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಬಳ್ಳಾರಿಯಲ್ಲಿ. ವಾರಕ್ಕೆ ಎರಡು ಸಲ ಗೋಧಿ ಬ್ರೆಡ್ ಮಾಡುತ್ತೇವೆ. ಮೊದಲು ಪಕ್ಕದ ಮನೆಯವರು ಕೇಳಿದರು. ಆಮೇಲೆ ರಾಯಚೂರಿನ ನಾದಿನಿ, ಕೊಪ್ಪಳದ ಚಿಕ್ಕಮ್ಮ, ಅವರ ಗೆಳತಿಯರು. ಕೆಲವರು ಫೋನ್ ಮಾಡುತ್ತಾರೆ, ಕೆಲವರು ಕುಸಿದ ಬ್ರೆಡ್ಡಿನ ಫೋಟೋ ಕಳಿಸುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು ಪತ್ರವನ್ನೇ ಬರೆದಿದ್ದರು. ಪ್ರಶ್ನೆಗಳು ಮಾತ್ರ ಸುತ್ತಿ ಸುತ್ತಿ ಅವೇ. ಅವರು ಕೇಳಿದ ಹಾಗೆಯೇ ಇಲ್ಲಿ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಚಳಿ ದೇಶದ ಅಳತೆಗಳು ನಮ್ಮಲ್ಲಿ ಹಾಗೇ ನಡೆಯುವುದಿಲ್ಲ. ನಮ್ಮ ಗಿರಣಿ ಹಿಟ್ಟಿಗೆ ನೀರು ಜಾಸ್ತಿ ಬೇಕು. ನಮ್ಮ ಬಿಸಿಲಿಗೆ ಹೊತ್ತು ಕಡಿಮೆ ಸಾಕು. ಕೆಟ್ಟ ಬ್ರೆಡ್ಡುಗಳಲ್ಲಿ ಹೆಚ್ಚಿನವು ಕೆಟ್ಟದ್ದು ಈ ಎರಡು ವಿಷಯದಲ್ಲೇ.

## ಮೊದಲ ಸಲ ಮಾಡುವವರಿಗೆ

ಎರಡು ತಾಸಿನೊಳಗೆ ನಿಜವಾಗಿ ಬ್ರೆಡ್ ಆಗುತ್ತಾ?

ಆಗುತ್ತದೆ. ಕಲಸುವುದಕ್ಕೆ 5 ನಿಮಿಷ, ನೆನೆಯಲು 15, ಉಬ್ಬಲು ಅರ್ಧ ತಾಸು, ಬೇಯಲು 40 ನಿಮಿಷ. ನಾದುವ ಕೆಲಸವೇ ಇಲ್ಲ. ಇದು ಹೊಸ ಉಪಾಯವೂ ಅಲ್ಲ. 1940ರ ದಶಕದಲ್ಲಿ ಬ್ರಿಟನ್ನಿನ ಡೋರಿಸ್ ಗ್ರಾಂಟ್ ಎಂಬ ಗೃಹಿಣಿ, ತಾನು ಹಿಟ್ಟನ್ನು ನಾದುವುದನ್ನೇ ಮರೆತಿದ್ದರೂ ಬ್ರೆಡ್ ಚೆನ್ನಾಗಿ ಬಂದಿದ್ದನ್ನು ಕಂಡರು. ಇಡೀ ಗೋಧಿ ಹಿಟ್ಟನ್ನು ನೀರಾಗಿ ಕಲಸಿ ನೇರ ಟಿನ್ನಿಗೆ ಹಾಕುವ ಆ ಬ್ರೆಡ್ಡಿಗೆ ಇಂದಿಗೂ ಅವರದೇ ಹೆಸರಿದೆ. ನೀರು ಸಾಕಷ್ಟಿದ್ದರೆ ಹಿಟ್ಟಿನೊಳಗಿನ ಜಿಗುಟು, ಅಂದರೆ ಗ್ಲುಟೆನ್, ತಾನಾಗಿಯೇ ಹೆಣೆದುಕೊಳ್ಳುತ್ತದೆ.

ಅಕ್ಕಾ, ಅಳತೆ ಹೇಳಿಬಿಡಿ, ಬರ್ಕೊತೀನಿ.

ಗೋಧಿ ಹಿಟ್ಟು 400 ಗ್ರಾಂ. ನೀರು 340 ಮಿಲಿ. ಇನ್‌ಸ್ಟಂಟ್ ಯೀಸ್ಟ್ ಒಂದೂವರೆ ಟೀ ಚಮಚ, ಅಂದರೆ 5 ಗ್ರಾಂ. ಉಪ್ಪು 8 ಗ್ರಾಂ. ಪುಡಿ ಬೆಲ್ಲ 2 ದೊಡ್ಡ ಚಮಚ. ಕುಸುಬೆ ಎಣ್ಣೆ ಅಥವಾ ಶೇಂಗಾ ಎಣ್ಣೆ 2 ದೊಡ್ಡ ಚಮಚ. ಟಿನ್ನು ಸುಮಾರು 8 ಇಂಚು ಉದ್ದ, 4 ಇಂಚು ಅಗಲ.

ಒಣ ಹಿಟ್ಟಿಗೆ ಯೀಸ್ಟ್, ಉಪ್ಪು ಬೆರೆಸಿ. ಬೆಲ್ಲವನ್ನು ನೀರಲ್ಲಿ ಕರಗಿಸಿ, ಸೋಸಿ, ಎಣ್ಣೆಯ ಜೊತೆ ಸುರಿಯಿರಿ. ಸೌಟಿನ ಹಿಡಿಯಿಂದ 2 ನಿಮಿಷ ಗಟ್ಟಿಯಾಗಿ ತಿರುವಿ. 15 ನಿಮಿಷ ಮುಚ್ಚಿಡಿ, ಮತ್ತೆ 2 ನಿಮಿಷ ತಿರುವಿ. ಎಣ್ಣೆ ಸವರಿದ ಟಿನ್ನಿಗೆ ಹಾಕಿ, ಒದ್ದೆ ಕೈಯಿಂದ ಮೇಲ್ಭಾಗ ಸಮ ಮಾಡಿ, ಒದ್ದೆ ಬಟ್ಟೆ ಮುಚ್ಚಿ. ಹಿಟ್ಟು ಮೂರನೇ ಒಂದು ಭಾಗದಷ್ಟು, ಹೆಚ್ಚೆಂದರೆ ಅರ್ಧದಷ್ಟು ಏರಿದರೆ ಸಾಕು. ಮೊದಲೇ ಕಾಯಿಸಿದ ಓವನ್ನಿನಲ್ಲಿ 200 ಡಿಗ್ರಿಗೆ 10 ನಿಮಿಷ, ಆಮೇಲೆ 180ಕ್ಕೆ ಇಳಿಸಿ 30 ನಿಮಿಷ.

ನಮ್ಮನೇಲಿ ತಕ್ಕಡಿ ಇಲ್ಲ. ಲೋಟದ ಲೆಕ್ಕದಲ್ಲಿ ಹೇಳ್ರಿ.

240 ಮಿಲಿಯ ಅಳತೆ ಕಪ್ಪಿನಲ್ಲಿ ಹಿಟ್ಟು ಮೂರೂಕಾಲು ಕಪ್ಪು, ನೀರು ಒಂದು ಕಪ್ಪಿನ ಮೇಲೆ ಮತ್ತೆ ಅರ್ಧಕ್ಕಿಂತ ತುಸು ಕಡಿಮೆ. ಹಿಟ್ಟನ್ನು ಚಮಚದಿಂದ ಹಗುರವಾಗಿ ತುಂಬಿ, ಒತ್ತಬೇಡಿ. ಒತ್ತಿ ತುಂಬಿದ ಕಪ್ಪಿಗೂ ಹಗುರ ತುಂಬಿದ ಕಪ್ಪಿಗೂ 20-30 ಗ್ರಾಂ ವ್ಯತ್ಯಾಸ ಬರುತ್ತದೆ. ಮೂರು ಕಪ್ಪಿಗೆ ಅದು ಸಣ್ಣ ಲೆಕ್ಕವಲ್ಲ.

ಹಿಟ್ಟು ಕೈಗೆಲ್ಲ ಅಂಟುತ್ತಲ್ಲ, ಇನ್ನೊಂದು ಹಿಡಿ ಒಣ ಹಿಟ್ಟು ಹಾಕಲಾ?

ಬೇಡ. ದಯವಿಟ್ಟು ಬೇಡ. ನೂರು ಫೋನ್ ಬಂದರೆ ಅದರಲ್ಲಿ ಹೆಚ್ಚಿನವು ಇದೇ.

ನಮ್ಮ ಕೈಗೆ ಚಪಾತಿ ಹಿಟ್ಟು ಗೊತ್ತು. ಪರಾತದಲ್ಲಿ ನಾದಿ ನಾದಿ, ಬೆರಳಿಗೆ ಅಂಟದ ಉಂಡೆ ಆದರೇ ನಮಗೆ ಸಮಾಧಾನ. ನಾನು ಮಾಡಿದ ಮೊದಲ ನಾಲ್ಕು ಬ್ರೆಡ್ಡೂ ಅದೇ ಹದದಲ್ಲಿ ಕಲಸಿದ್ದವು, ನಾಲ್ಕೂ ಕಲ್ಲಿನಂತೆ ಬಂದವು. ಗೋಧಿಯ ತೌಡು ನಿಧಾನವಾಗಿ ನೀರು ಹೀರುತ್ತಲೇ ಇರುತ್ತದೆ. ಕಲಸಿದಾಗ ಮೆತ್ತಗಿದ್ದದ್ದು ಕಾಲು ತಾಸಿಗೆ ಬಿಗಿಯಾಗುತ್ತದೆ. ಬಿಗಿ ಹಿಟ್ಟಿನೊಳಗೆ ಯೀಸ್ಟ್ ಬಿಡುವ ಗಾಳಿಗೆ ಹಿಗ್ಗಲು ಜಾಗ ಇರುವುದಿಲ್ಲ. ಸಾಲದ್ದಕ್ಕೆ ತೌಡಿನ ಚೂಪು ಚೂರುಗಳು ಗ್ಲುಟೆನ್ ಎಳೆಗಳನ್ನು ಕತ್ತರಿಸುತ್ತವೆ. ನೆಂದ ತೌಡು ಮೆತ್ತಗಾಗಿ ಕಡಿಮೆ ಕತ್ತರಿಸುತ್ತದೆ.

ಹದ ಹೇಗಿರಬೇಕು ಅಂದರೆ, ಉದ್ದಿನ ವಡೆ ಹಿಟ್ಟಿನ ಹಾಗೆ. ದೋಸೆ ಹಿಟ್ಟಿನಂತೆ ಹರಿಯಬಾರದು, ಉಂಡೆಯಂತೆ ನಿಲ್ಲಲೂಬಾರದು. ವಡೆ ತಟ್ಟುವಾಗ ಕೈ ಒದ್ದೆ ಮಾಡಿಕೊಳ್ಳುತ್ತೇವಲ್ಲ, ಇಲ್ಲೂ ಅಷ್ಟೇ. ಅಂಟಿದರೆ ಕೈಗೆ ನೀರು, ಹಿಟ್ಟಿಗೆ ಹಿಟ್ಟಲ್ಲ.

ಯೀಸ್ಟ್ ಅಂದ್ರೆ ಏನ್ರಿ? ನಾವು ತಿನ್ನಬಹುದಾ?

ಕಣ್ಣಿಗೆ ಕಾಣದಷ್ಟು ಸಣ್ಣ, ಒಂದೇ ಕೋಶದ ಶಿಲೀಂಧ್ರ. ಅಣಬೆಯ ಜಾತಿಗೆ ಸೇರಿದ್ದು, ಪ್ರಾಣಿ ಅಲ್ಲ. ಸಕ್ಕರೆ ಅಂಶ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಆ ಗಾಳಿಯೇ ಹಿಟ್ಟನ್ನು ಉಬ್ಬಿಸುತ್ತದೆ. ರಾತ್ರಿ ಇಟ್ಟ ದೋಸೆ ಹಿಟ್ಟಿನಲ್ಲೂ ಬ್ಯಾಕ್ಟೀರಿಯಾಗಳ ಜೊತೆ ಇಂಥ ಯೀಸ್ಟ್ ಇರುತ್ತದೆ. ಅಣಬೆಯನ್ನೇ ತಿನ್ನದ ಮನೆಯಲ್ಲಿ ಹಿರಿಯರು ಬೇಡ ಎಂದರೆ ಒತ್ತಾಯ ಮಾಡಬೇಡಿ. ಅವರಿಗೆ ಮಜ್ಜಿಗೆ-ಸೋಡಾದ ಬ್ರೆಡ್ ಇದೆ.

ಹಾಗಾದ್ರೆ ಯೀಸ್ಟ್ ಇಲ್ಲದೆ ಹೇಗೆ ಮಾಡೋದು?

ಗೋಧಿ ಹಿಟ್ಟು 300 ಗ್ರಾಂ, ಅಡುಗೆ ಸೋಡಾ ಮುಕ್ಕಾಲು ಟೀ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಚೆನ್ನಾಗಿ ಹುಳಿಯಾದ ಗಟ್ಟಿ ಮಜ್ಜಿಗೆ 260 ಮಿಲಿ. ಕಲಸಿ, ಒಂದು ನಿಮಿಷವೂ ಕಾಯಿಸದೆ 190 ಡಿಗ್ರಿಗೆ 40 ನಿಮಿಷ ಬೇಯಿಸಿ. ಹುಳಿ ಮತ್ತು ಸೋಡಾ ಸೇರಿದ ಕೂಡಲೇ ಗಾಳಿ ಶುರುವಾಗುತ್ತದೆ, ತಡ ಮಾಡಿದರೆ ಹೊರಟುಹೋಗುತ್ತದೆ. ಮಜ್ಜಿಗೆ ಸಿಹಿಯಿದ್ದರೆ ಸೋಡಾದ ಕಹಿ ಉಳಿಯುತ್ತದೆ. ಐರ್ಲೆಂಡಿನಲ್ಲಿ ಇದು ಮನೆಮನೆಯ ಬ್ರೆಡ್. ಅಂದೇ ತಿಂದರೆ ಬಹಳ ರುಚಿ, ಮಾರನೇ ದಿನ ಪುಡಿಪುಡಿ.

## ಹಿಟ್ಟು, ನೀರು, ಬಿಸಿಲು

ಗಿರಣಿ ಹಿಟ್ಟು ಒಳ್ಳೇದೋ, ಪ್ಯಾಕೆಟ್ ಹಿಟ್ಟೋ?

ಎರಡರಲ್ಲೂ ಆಗುತ್ತದೆ. ನನಗೆ ಗಿರಣಿಯದೇ ಇಷ್ಟ, ಪರಿಮಳ ಬೇರೆಯೇ. ಆದರೆ ಒಂದು ಮಾತು. ನಮ್ಮ ಗಿರಣಿಗಳಲ್ಲಿ ಜೋಳ, ಅಕ್ಕಿ, ಕಡಲೆ ಎಲ್ಲ ಬೀಸುತ್ತಾರೆ. ಜೋಳ ಬೀಸಿದ ಬೆನ್ನಲ್ಲೇ ನಿಮ್ಮ ಗೋಧಿ ಹಾಕಿದರೆ ಮೊದಲ ಅರ್ಧ ಕಿಲೋ ಹಿಟ್ಟಿನಲ್ಲಿ ಜೋಳ ಬೆರೆತಿರುತ್ತದೆ. ಚಪಾತಿಗೆ ಗೊತ್ತಾಗದು, ಬ್ರೆಡ್ಡಿಗೆ ಗೊತ್ತಾಗುತ್ತದೆ. ಯಾರೋ ಗೋಧಿ ಬೀಸಿಸಿದ ಮೇಲೆ ನಮ್ಮದು ಹಾಕಿ ಅಂತ ಹೇಳಿ. ಸಣ್ಣಗೆ ಬೀಸಲು ಹೇಳಿ. ಬಿಸಿ ಹಿಟ್ಟನ್ನು ಡಬ್ಬಿಗೆ ತುಂಬದೆ ಪೇಪರ್ ಮೇಲೆ ಹರವಿ ಆರಿಸಿ.

ಕಲ್ಲಿನಲ್ಲಿ ಬೀಸುವಾಗ ಪಿಷ್ಟದ ಕಣಗಳು ಒಡೆಯುತ್ತವೆ. ಒಡೆದ ಪಿಷ್ಟ ನೀರು ಜಾಸ್ತಿ ಹೀರುತ್ತದೆ. ನಾನು 340 ಮಿಲಿ ಹೇಳುವುದು ಅದಕ್ಕೇ. ತೀರಾ ದಪ್ಪ ತೌಡು ಕಂಡರೆ ಸಾಣಿಗೆ ಹಿಡಿದು, ಆ ತೌಡನ್ನು ಟಿನ್ನಿನ ಒಳಮೈಗೆ ಸವರಿ. ಬ್ರೆಡ್ ಅಂಟುವುದಿಲ್ಲ, ತೌಡೂ ಹಾಳಾಗುವುದಿಲ್ಲ.

ಊರಿಂದ ಜವೆ ಗೋಧಿ ತಂದು ಮಾಡಿದೆ. ಉಬ್ಬಲೇ ಇಲ್ಲ. ಯಾಕೆ?

ತಪ್ಪು ನಿಮ್ಮದಲ್ಲ, ಗೋಧಿಯ ಗುಣ ಹಾಗಿದೆ. ಜವೆ ಗೋಧಿ ಹಳೆಯ ತಳಿ, ಕಪ್ಲಿ ಎಂದೂ ಕರೆಯುತ್ತಾರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಡಿಡಿಕೆ 1029 ಕೂಡ ಇದೇ ಜಾತಿ. ಗೋಧಿ ಹುಗ್ಗಿಗೆ, ಶಾವಿಗೆಗೆ, ಮಾದಲಿಗೆ ಇದನ್ನು ಮೀರಿಸುವುದು ಇಲ್ಲ. ಆದರೆ ಇದರ ಗ್ಲುಟೆನ್ ಬಲ ಕಡಿಮೆ, ಗಾಳಿಯನ್ನು ಹಿಡಿದಿಡುವುದಿಲ್ಲ. ಅರ್ಧ ಜವೆ, ಅರ್ಧ ಸಾಮಾನ್ಯ ಚಪಾತಿ ಗೋಧಿ ಬೆರೆಸಿ. ನೀರು 20-30 ಮಿಲಿ ಕಡಿಮೆ ಮಾಡಿ. ಎತ್ತರ ಕಡಿಮೆ ಬರುತ್ತದೆ, ರುಚಿ ಮಾತ್ರ ಘಮ್ಮೆನ್ನುತ್ತದೆ.

ಏಪ್ರಿಲ್‌ನಲ್ಲಿ ಮಾಡಿದ್ದು ಹುಳಿ ವಾಸನೆ ಬಂದು ನಡುವೆ ಕುಸಿದುಬಿಟ್ಟಿತು. ಚಳಿಗಾಲದಲ್ಲಿ ಚೆನ್ನಾಗೇ ಬಂದಿತ್ತು.

ಅಳತೆ ಅದೇ, ಹೊತ್ತೂ ಅದೇ, ಬಿಸಿಲು ಮಾತ್ರ ಬೇರೆ. ಬಳ್ಳಾರಿ, ರಾಯಚೂರಲ್ಲಿ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಅಷ್ಟು ಬಿಸಿಯಲ್ಲಿ ಯೀಸ್ಟ್ ಬಹಳ ಬೇಗ ಕೆಲಸ ಮುಗಿಸುತ್ತದೆ. ಹಿಟ್ಟು ಉಬ್ಬಿ ಉಬ್ಬಿ, ತನ್ನ ಭಾರ ತಾನೇ ತಡೆಯಲಾರದ ಹಂತಕ್ಕೆ ಬಂದಿರುತ್ತದೆ. ಓವನ್ನಿನ ಬಿಸಿ ತಗುಲಿದ ಕೂಡಲೇ ಕುಸಿಯುತ್ತದೆ.

ಬೇಸಿಗೆಯಲ್ಲಿ ಮೂರು ಬದಲಾವಣೆ ಮಾಡುತ್ತೇನೆ. ಯೀಸ್ಟ್ ಒಂದೇ ಟೀ ಚಮಚ. ನೀರು ಮಡಕೆಯದು, ಯಾಕೆಂದರೆ ಮಧ್ಯಾಹ್ನ ಮೇಲಿನ ಟ್ಯಾಂಕಿನಿಂದ ಬರುವ ನೀರು ಕೈ ಇಡಲಾಗದಷ್ಟು ಕಾದಿರುತ್ತದೆ. ಕಲಸುವುದು ಬೆಳಿಗ್ಗೆ 6 ಗಂಟೆಗೆ, ಅಡುಗೆಮನೆ ಕಾಯುವ ಮೊದಲು. ಆದರೂ 20-25 ನಿಮಿಷಕ್ಕೆ ಉಬ್ಬುತ್ತದೆ. ಓವನ್ನನ್ನು ಹಿಟ್ಟು ಟಿನ್ನಿಗೆ ಹಾಕಿದ ಕೂಡಲೇ ಕಾಯಲು ಇಡಿ. ಹಿಟ್ಟು ತಯಾರಾಗಿ ಓವನ್ ತಣ್ಣಗಿದ್ದರೆ ಆ 10 ನಿಮಿಷದಲ್ಲೇ ಆಟ ಮುಗಿಯುತ್ತದೆ. ಡಿಸೆಂಬರ್-ಜನವರಿಯಲ್ಲಿ ಅದೇ ಹಿಟ್ಟು ಒಂದು ತಾಸು ಕೇಳಬಹುದು. ಆಗ ಬೆಚ್ಚನೆಯ ನೀರು ಸರಿ.

ಗಡಿಯಾರ ನೋಡಬೇಡಿ, ಟಿನ್ನು ನೋಡಿ. ಒದ್ದೆ ಬೆರಳಿನಿಂದ ಮೆಲ್ಲಗೆ ಒತ್ತಿ. ಗುಳಿ ನಿಧಾನವಾಗಿ ಅರ್ಧ ಮೇಲೆದ್ದರೆ ಹದ ಬಂದಿದೆ. ಏಳದೇ ಹಾಗೇ ಉಳಿದರೆ ಹೊತ್ತು ಮೀರಿದೆ. ಆಗ ಟಿನ್ನಿನಿಂದ ತೆಗೆದು, ಇನ್ನೊಮ್ಮೆ ತಿರುವಿ, ಮತ್ತೆ ಹಾಕಿ. ಎರಡನೇ ಸಲ ಇನ್ನೂ ಬೇಗ ಏರುತ್ತದೆ, ಕಣ್ಣಿಟ್ಟಿರಿ.

ನಮ್ಮ ಬೋರ್ ನೀರು ಸವಳು. ನಡೆಯುತ್ತಾ?

ಕುಡಿಯಲು ಬಳಸುವ ನೀರನ್ನೇ ಬ್ರೆಡ್ಡಿಗೂ ಬಳಸಿ. ಸವಳು ನೀರಲ್ಲಿ ಯೀಸ್ಟ್ ಸಾಯುವುದಿಲ್ಲ, ಆದರೆ ರುಚಿ ಕೆಡುತ್ತದೆ. ಫಿಲ್ಟರ್ ನೀರು, ನಲ್ಲಿಯಲ್ಲಿ ಬರುವ ತುಂಗಭದ್ರೆ ನೀರು, ಎರಡೂ ಸರಿ.

ಯೀಸ್ಟ್ ಬದುಕಿದೆಯೋ ಇಲ್ಲವೋ ಹೇಗೆ ತಿಳಿಯೋದು?

ಅರ್ಧ ಲೋಟ ಬೆಚ್ಚನೆಯ ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್. 10 ನಿಮಿಷದಲ್ಲಿ ಮೇಲೆ ದಪ್ಪ ನೊರೆ ಬರಬೇಕು. ನೀರಿಗೆ ಬೆರಳದ್ದಿದರೆ ಸುಡಬಾರದು. 55-60 ಡಿಗ್ರಿಯಲ್ಲಿ ಯೀಸ್ಟ್ ಸಾಯುತ್ತದೆ.

ಒಮ್ಮೆ ನಾನು ತಂದ ಹೊಸ ಪ್ಯಾಕೆಟ್ ಪೂರಾ ಸತ್ತಿತ್ತು. ತಾರೀಕು ಮುಗಿದಿರಲಿಲ್ಲ. ಅಂಗಡಿಯಲ್ಲಿ ಬಿಸಿಲು ಬೀಳುವ ಶೆಲ್ಫಿನಲ್ಲಿ ಇಟ್ಟಿದ್ದರು, ಅಷ್ಟೇ ಕಾರಣ. ಅವತ್ತಿನಿಂದ ಸಣ್ಣ ಪ್ಯಾಕೆಟ್ ಮಾತ್ರ ಕೊಳ್ಳುತ್ತೇನೆ, ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕುತ್ತೇನೆ. ಕಾಳುಕಾಳಾಗಿ ದಪ್ಪಗಿರುವ ಆ್ಯಕ್ಟಿವ್ ಡ್ರೈ ಯೀಸ್ಟ್ ಸಿಕ್ಕರೆ, ಅದನ್ನು ಮೊದಲು ಬೆಚ್ಚನೆಯ ಬೆಲ್ಲದ ನೀರಿನಲ್ಲಿ 10 ನಿಮಿಷ ನೆನೆಸಿ ಹಾಕಿ.

## ಓವನ್, ಒಲೆ, ಕರೆಂಟ್

ನಮ್ಮನ್ಯಾಗ ಓವನ್ ಇಲ್ಲ. ಕುಕ್ಕರ್‌ನಾಗ ಆಗತೈತೇನ್ರಿ?

ಆಗುತ್ತದೆ. ದಿನ ಬಳಸುವ ಕುಕ್ಕರ್ ಬೇಡ. ಖಾಲಿ ಕಾದು ಹಾಳಾಗಬಹುದು. ಹಳೆಯದೊಂದು ದೊಡ್ಡ ಕುಕ್ಕರ್ ಅಥವಾ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ ಇಟ್ಟುಕೊಳ್ಳಿ. ರಬ್ಬರ್ ಮತ್ತು ವಿಷಲ್ ಎರಡನ್ನೂ ತೆಗೆಯಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ನೀರು ಹಾಕುವುದಿಲ್ಲ. ತಳಕ್ಕೆ ಒಂದಿಂಚು ಕಲ್ಲುಪ್ಪು ಅಥವಾ ತೊಳೆದು ಒಣಗಿಸಿದ ಮರಳು, ಅದರ ಮೇಲೆ ಸ್ಟ್ಯಾಂಡು, ಮುಚ್ಚಳ. ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ, ಟಿನ್ನು ಇಳಿಸಿ, ಸಣ್ಣ ಉರಿಯಲ್ಲಿ 45ರಿಂದ 55 ನಿಮಿಷ. ಉದ್ದ ಟಿನ್ನು ಹಿಡಿಸದಿದ್ದರೆ ದುಂಡನೆಯ ಕೇಕ್ ಡಬ್ಬಿ ನಡೆಯುತ್ತದೆ.

ಕುಕ್ಕರಿನಲ್ಲಿ ಮೇಲ್ಭಾಗ ಕೆಂಪಾಗುವುದಿಲ್ಲ, ಮೇಲಿನಿಂದ ಶಾಖ ಬರುವುದಿಲ್ಲ ಅಲ್ವಾ. ಬೆಂದ ಬ್ರೆಡ್ಡನ್ನು ಬಿಸಿ ಹಂಚಿನ ಮೇಲೆ ಬೋರಲು ಹಾಕಿ 3-4 ನಿಮಿಷ ಇಡಿ. ರೊಟ್ಟಿ ಸುಡುವ ಹಂಚು ಇದಕ್ಕೂ ಸರಿ.

ಮೈಕ್ರೋವೇವ್ ಇದೆ, ಸಾಕಾ?

ಕನ್ವೆಕ್ಷನ್, ಅಂದರೆ ಬಿಸಿ ಗಾಳಿಯಲ್ಲಿ ಬೇಯಿಸುವ ಮೋಡು, ಇದ್ದರೆ ಸಾಕು. ಆ ಮೋಡಿನಲ್ಲೇ 180-200 ಡಿಗ್ರಿಗೆ ಬೇಯಿಸಿ. ಬರೀ ಮೈಕ್ರೋವೇವ್ ಆದರೆ ಬೇಡ. ಹಿಟ್ಟು ಬೇಯುತ್ತದೆ, ಸಿಪ್ಪೆ ಕಟ್ಟುವುದಿಲ್ಲ, ಆರಿದ ಮೇಲೆ ಚರ್ಮದ ಹಾಗೆ ಗಡುಸಾಗುತ್ತದೆ.

ಓಟಿಜಿ ಕರೆಂಟ್ ಜಾಸ್ತಿ ತಿನ್ನುತ್ತಾ?

ಓಟಿಜಿ ಅಂದರೆ ಮೇಜಿನ ಮೇಲೆ ಇಡುವ ಕರೆಂಟ್ ಓವನ್. 1,500 ವ್ಯಾಟಿನದು ಒಂದು ತಾಸು ನಿಲ್ಲದೆ ಉರಿದರೆ ಒಂದೂವರೆ ಯೂನಿಟ್. ಅದು ಕಾದ ಮೇಲೆ ಆಗಾಗ ತಾನೇ ನಿಲ್ಲುತ್ತದೆ, ಹಾಗಾಗಿ ಒಂದು ಬ್ರೆಡ್ಡಿಗೆ ಹೆಚ್ಚುಕಮ್ಮಿ ಒಂದು ಯೂನಿಟ್ ಅಂದುಕೊಳ್ಳಿ. ಪ್ಲಗ್ ಮಾತ್ರ ದೊಡ್ಡದು, 16 ಆಂಪಿನದು ಬೇಕು. ಫ್ಯಾನ್, ಟಿವಿಗೆ ಇರುವ ಸಣ್ಣ ಪ್ಲಗ್ಗಿಗೆ ಹಾಕಬೇಡಿ, ಕಾದು ಕರಗುತ್ತದೆ.

ಬೇಯುವಾಗ ನಡುವೆ ಕರೆಂಟ್ ಹೋದರೆ?

ಬಾಗಿಲು ತೆಗೆಯಬೇಡಿ. 10 ನಿಮಿಷದವರೆಗೆ ಒಳಗಿನ ಕಾವೇ ಕಾಯುತ್ತದೆ, ಬಂದ ಮೇಲೆ ಅಷ್ಟು ಹೊತ್ತು ಜಾಸ್ತಿ ಇಡಿ. ಬೇಗ ಬರುವ ಹಾಗೆ ಕಾಣದಿದ್ದರೆ ಕುಕ್ಕರನ್ನು ಜೋರು ಉರಿಯಲ್ಲಿ ಕಾಯಿಸಿ ಟಿನ್ನನ್ನು ಅದಕ್ಕೆ ವರ್ಗಾಯಿಸಿ. ಮೊದಲ 15 ನಿಮಿಷದಲ್ಲಿ ಹೋದರೆ ಬ್ರೆಡ್ ಸ್ವಲ್ಪ ಕುಸಿಯುತ್ತದೆ. ಅದನ್ನು ತಡೆಯಲಾಗದು, ತಿನ್ನಲು ತೊಂದರೆಯಿಲ್ಲ.

ಬೆಂದಿದೆ ಅಂತ ಹೇಗೆ ಗೊತ್ತಾಗುತ್ತೆ? ಕಡ್ಡಿ ಚುಚ್ಚಿ ನೋಡಿದೆ, ಆದ್ರೂ ಒಳಗೆ ಹಸಿ.

ಕಡ್ಡಿ ಕೇಕಿಗೆ. ಬ್ರೆಡ್ಡನ್ನು ಟಿನ್ನಿನಿಂದ ತೆಗೆದು ತಳಕ್ಕೆ ಬೆರಳಿನಿಂದ ತಟ್ಟಿ. ಖಾಲಿ ಡಬ್ಬಿಯ ಸದ್ದು ಬಂದರೆ ಬೆಂದಿದೆ. ಮಂದ ಸದ್ದಾದರೆ ಟಿನ್ನಿಲ್ಲದೆ ಹಾಗೇ ಇನ್ನೂ 7-8 ನಿಮಿಷ ಇಡಿ. ಅಡುಗೆ ಥರ್ಮಾಮೀಟರ್ ಇದ್ದರೆ ನಡುವೆ 95 ಡಿಗ್ರಿ ಆಸುಪಾಸು ತೋರಿಸಬೇಕು.

## ಕತ್ತರಿಸುವುದು, ಇಡುವುದು, ತಿನ್ನುವುದು

ಬಿಸಿ ಬಿಸಿ ಕತ್ತರಿಸಿದೆ. ಅಂಟಂಟು. ಬೆಂದಿಲ್ವಾ?

ಬೆಂದಿದೆ, ಆರಿಲ್ಲ. ಒಳಗಿನ ಪಿಷ್ಟ ಗಟ್ಟಿಯಾಗಲು ಒಂದು ತಾಸು ಬೇಕು. ಟಿನ್ನಿನಿಂದ ತೆಗೆದು ಜಾಲರಿಯ ಮೇಲೆ ಇಡಿ, ಇಲ್ಲದಿದ್ದರೆ ತಳ ಬೆವರುತ್ತದೆ. ಮನೆತುಂಬ ಪರಿಮಳ, ಮಕ್ಕಳು ಸುತ್ತ ನಿಂತಿರುತ್ತಾರೆ, ಕಾಯುವುದು ಕಷ್ಟ. ಕಾಯಿರಿ.

ಎಷ್ಟು ದಿನ ಇಡಬಹುದು? ಫ್ರಿಜ್ಜಿಗೆ ಹಾಕಲಾ?

ಹೊರಗೆ ಬಟ್ಟೆ ಸುತ್ತಿ ಡಬ್ಬಿಯಲ್ಲಿ ಎರಡು ದಿನ. ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಒಂದೇ ದಿನ ಅನ್ನಿ. ಫ್ರಿಜ್ಜಿನ ತಂಪಿನಲ್ಲಿ ಬ್ರೆಡ್ ಹೊರಗಿಗಿಂತ ಬೇಗ ಒಣಗಿ ಗಡುಸಾಗುತ್ತದೆ. ಫ್ರೀಜರ್ ಹಾಗಲ್ಲ. ಹೋಳು ಮಾಡಿ, ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿಟ್ಟರೆ ಒಂದು ತಿಂಗಳು ಇರುತ್ತದೆ. ಬೇಕಾದಾಗ ನೇರ ಹಂಚಿನ ಮೇಲೆ ಬಿಸಿ ಮಾಡಿ.

ಎರಡನೇ ದಿನ ಮುರಿದರೆ ಒಳಗೆ ಅಂಟು ನೂಲು, ಕೊಳೆತ ಕರಬೂಜದ ವಾಸನೆ. ಬೂಸ್ಟು ಮಾತ್ರ ಇಲ್ಲ. ಇದೇನು?

ಎಸೆದುಬಿಡಿ, ದನಕ್ಕೂ ಹಾಕಬೇಡಿ. ಇದು ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ. ಗೋಧಿಯ ಹೊರಸಿಪ್ಪೆಯ ಜೊತೆ ಬರುತ್ತದೆ, ಹಾಗಾಗಿ ಮೈದಾಗಿಂತ ಇಡೀ ಗೋಧಿಯ ಬ್ರೆಡ್ಡಿಗೆ ಜಾಸ್ತಿ ಕಾಟ. ಅದರ ಬೀಜಕಗಳು ಓವನ್ನಿನ ಶಾಖದಲ್ಲೂ ಬದುಕುತ್ತವೆ. ಆಮೇಲೆ ನಮ್ಮಂಥ ಸೆಕೆಯ ಊರಲ್ಲಿ ಬೇಗ ಬೆಳೆಯುತ್ತವೆ.

ಈ ಬ್ಯಾಕ್ಟೀರಿಯಾಕ್ಕೆ ಹುಳಿ ಆಗಿಬರುವುದಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ 400 ಗ್ರಾಂ ಹಿಟ್ಟಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿ, ಅಥವಾ ನೀರಿನಲ್ಲಿ 3 ದೊಡ್ಡ ಚಮಚ ಕಡಿಮೆ ಮಾಡಿ ಅಷ್ಟೇ ಹುಳಿ ಮೊಸರು ಹಾಕಿ. ರುಚಿಯಲ್ಲಿ ಗೊತ್ತೇ ಆಗುವುದಿಲ್ಲ. ಒಮ್ಮೆ ಹೀಗಾದ ಮೇಲೆ ಟಿನ್ನು, ಚಾಕು, ಡಬ್ಬಿ ಎಲ್ಲವನ್ನೂ ವಿನೆಗರ್ ಹಚ್ಚಿ ಒರೆಸಿ.

ಶುಗರ್ ಇರೋರು ಎಷ್ಟು ಬೇಕಾದ್ರೂ ತಿನ್ನಬಹುದು ಅಲ್ವಾ, ಗೋಧಿ ತಾನೇ?

ಇಲ್ಲ. ರಕ್ತದಲ್ಲಿ ಸಕ್ಕರೆ ಏರಿಸುವ ವೇಗದ ಅಳತೆಯಲ್ಲಿ ನುಣ್ಣನೆಯ ಗೋಧಿ ಹಿಟ್ಟಿನ ಬ್ರೆಡ್ಡೂ ಬಿಳಿ ಬ್ರೆಡ್ಡೂ ಹೆಚ್ಚುಕಮ್ಮಿ ಒಂದೇ, 75ರ ಆಸುಪಾಸು (ಗ್ಲೂಕೋಸಿಗೆ 100 ಅಂತ ಲೆಕ್ಕ). ಗೋಧಿಯಲ್ಲಿ ನಾರು ಜಾಸ್ತಿ, ಅದು ಒಳ್ಳೆಯದು. ಆದರೂ ಎರಡು ಹೋಳಿಗೆ ನಿಲ್ಲಿಸಿ, ಜೊತೆಗೆ ಕಾಳು ಪಲ್ಯ ಇರಲಿ, ಡಾಕ್ಟರ ಮಾತು ಕೇಳಿ. ಬೆಲ್ಲ ಬಿಟ್ಟರೂ ಬ್ರೆಡ್ ಉಬ್ಬುತ್ತದೆ.

ಅಂಗಡಿಯ ಬ್ರೌನ್ ಬ್ರೆಡ್ ಇದೇ ಅಲ್ವಾ? ಸುಮ್ನೆ ಯಾಕೆ ಕಷ್ಟಪಡೋದು?

ಪ್ಯಾಕೆಟ್ ತಿರುಗಿಸಿ ಓದಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದರ ಹೆಸರು ಮೊದಲು ಬರುತ್ತದೆ. ಮೈದಾ ಮೊದಲಿದ್ದು, ಕೊನೆಯಲ್ಲಿ 150 ಅಂಕಿಯ ಕ್ಯಾರಮೆಲ್ ಬಣ್ಣ ಇದ್ದರೆ ಆ ಕಂದು ಬಂದದ್ದು ಹೆಚ್ಚಾಗಿ ಬಣ್ಣದಿಂದ. ಗೋಧಿ ಹಿಟ್ಟು ಮೊದಲಿದ್ದರೆ ಕೊಳ್ಳಿ, ತಪ್ಪೇನಿಲ್ಲ. ಪೊಟ್ಯಾಸಿಯಂ ಬ್ರೋಮೇಟ್ ಬಗ್ಗೆ ಈಗಲೂ ಹೆದರಿ ಕೇಳುತ್ತಾರೆ. ನಮ್ಮ ದೇಶದಲ್ಲಿ ಅದನ್ನು 2016ರಲ್ಲೇ ನಿಷೇಧಿಸಿದ್ದಾರೆ.

## ಕೈ ಪಳಗಿದ ಮೇಲೆ

ರಾತ್ರಿ ಕಲಸಿಟ್ಟು ಬೆಳಿಗ್ಗೆ ಬೇಯಿಸಬಹುದಾ?

ಬೇಸಿಗೆಗೆ ಇದೇ ಒಳ್ಳೆಯ ದಾರಿ. ಯೀಸ್ಟ್ ಅರ್ಧ ಟೀ ಚಮಚ, ನೀರು ತಣ್ಣಗಿನದು. ಕಲಸಿದ ಕೂಡಲೇ ಮುಚ್ಚಿ ಫ್ರಿಜ್ಜಿನೊಳಗೆ. 8ರಿಂದ 12 ತಾಸಿನಲ್ಲಿ ನಿಧಾನವಾಗಿ ಹುದುಗಿ ರುಚಿ ಕಟ್ಟುತ್ತದೆ, ತೌಡು ಪೂರ್ತಿ ನೆಂದಿರುತ್ತದೆ. ಬೆಳಿಗ್ಗೆ ಟಿನ್ನಿಗೆ ಹಾಕಿ, ಚಳಿ ಬಿಟ್ಟು ಉಬ್ಬಲು ಒಂದು ತಾಸು ಕೊಡಿ. ಒಟ್ಟು ಹೊತ್ತು ಜಾಸ್ತಿ, ನೀವು ನಿಂತು ಮಾಡುವ ಕೆಲಸ ಇನ್ನೂ ಕಡಿಮೆ.

ಬೇಕರಿ ಬ್ರೆಡ್ ತರಹ ಎಳೆ ಎಳೆಯಾಗಿ, ಹಗುರ ಬರಬೇಕು ಅಂದ್ರೆ?

ಆಗ ನಾದಲೇಬೇಕು. ನೀರು 300 ಮಿಲಿಗೆ ಇಳಿಸಿ. ಅರ್ಧ ತಾಸು ನೆನೆಸಿ, 12-15 ನಿಮಿಷ ನಾದಿ. ಚೂರು ಹಿಟ್ಟನ್ನು ಎರಡು ಕೈಯಿಂದ ಎಳೆದರೆ ಹರಿಯದೆ ತೆಳ್ಳಗೆ ಪೊರೆಯಾಗಬೇಕು. ಎರಡು ಸಲ ಉಬ್ಬಿಸಿ. ಅಷ್ಟಾದರೂ ಮೈದಾದ ಹಗುರ ಬರುವುದಿಲ್ಲ. ನನಗಂತೂ ಗೋಧಿ ಬ್ರೆಡ್ ಸ್ವಲ್ಪ ಭಾರವಿದ್ದರೇ ಇಷ್ಟ. ಎರಡು ಹೋಳಿಗೆ ಹೊಟ್ಟೆ ತುಂಬುತ್ತದೆ.

ನಮ್ಮದು ಜೋಳದ ಊರು. ಜೋಳದ ಹಿಟ್ಟು ಎಷ್ಟು ಸೇರಿಸಬಹುದು?

ಆ ಮೇಷ್ಟ್ರು ಪತ್ರದಲ್ಲಿ ಕೇಳಿದ್ದು ಇದನ್ನೇ. ಉತ್ತರ ಹುಡುಕಲು ನನಗೆ ಮೂರು ವಾರ ಹಿಡಿಯಿತು.

ಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಒಣ ಹಿಟ್ಟನ್ನು ಹಾಗೇ ಸೇರಿಸಿದರೆ 50 ಗ್ರಾಂ ದಾಟಿದ ಕೂಡಲೇ ಬ್ರೆಡ್ ಪುಡಿಯಾಗತೊಡಗುತ್ತದೆ. ಆದರೆ ಜೋಳದ ರೊಟ್ಟಿಗೆ ನಾವು ಏನು ಮಾಡುತ್ತೇವೆ? ಕುದಿಯುವ ಎಸರು ಹಾಕಿ ಜಿಗಿ ಬರಿಸುತ್ತೇವೆ. ಬಿಸಿ ನೀರಿಗೆ ಪಿಷ್ಟ ಅರಳಿ ಅಂಟಾಗುತ್ತದೆ, ಜೊತೆಗೆ ನೀರನ್ನು ತನ್ನೊಳಗೆ ಹಿಡಿದಿಡುತ್ತದೆ. ಬ್ರೆಡ್ಡಿಗೂ ಅದನ್ನೇ ಮಾಡಿದೆ.

ಜೋಳದ ಹಿಟ್ಟು 60 ಗ್ರಾಂ. ಕುದಿಯುವ ನೀರು 120 ಮಿಲಿ ಸುರಿದು, ಗಂಟಿಲ್ಲದಂತೆ ತಿರುವಿ ಮುಚ್ಚಿಡಿ. ಪೂರ್ತಿ ಆರಬೇಕು. ಬಿಸಿಯಿದ್ದರೆ ಯೀಸ್ಟ್ ಸಾಯುತ್ತದೆ. ಆರಿದ ಮೇಲೆ ಗೋಧಿ ಹಿಟ್ಟು 340 ಗ್ರಾಂ, ನೀರು 220 ಮಿಲಿ, ಉಳಿದದ್ದೆಲ್ಲ ಮೊದಲಿನ ಅಳತೆಯೇ. ಹಿಟ್ಟು ಹೊಸದಾಗಿ ಬೀಸಿದ್ದಿರಲಿ. ಹಳೆಯ ಜೋಳದ ಹಿಟ್ಟಿನ ಕಮಟು ಬ್ರೆಡ್ಡಿನಲ್ಲಿ ಎದ್ದು ಕಾಣುತ್ತದೆ. 100 ಗ್ರಾಂವರೆಗೆ ಹೋಗಿ ನೋಡಿದ್ದೇನೆ, ಅದಕ್ಕಿಂತ ಮುಂದೆ ಹೋಗಬೇಡಿ.

ಎತ್ತರ ಒಂದು ಬೆರಳು ಕಡಿಮೆ ಬರುತ್ತದೆ. ಮಾರನೇ ದಿನವೂ ಮೆತ್ತಗಿರುತ್ತದೆ. ದಪ್ಪ ಹೋಳು ಮಾಡಿ, ಹಂಚಿನ ಮೇಲೆ ಕೆಂಪಗೆ ಸುಟ್ಟು, ಕೆನೆ ಮೊಸರು ಹಚ್ಚಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ತಿನ್ನಿ. ಗುರೆಳ್ಳು ಪುಡಿಯೂ ಆಗುತ್ತದೆ.